ಆಸ್ಟಿಯೋಪತಿ ಕಾಲೇಜು: ಪ್ಯಾರಿಸ್‌ನಲ್ಲಿ ಹುಟ್ಟಿದ ಶಾಲೆ ಇಂಗ್ಲೆಂಡಿಗೆ ಹೋದದ್ದೇಕೆ?

ಮೊಬೈಲ್‌ನಲ್ಲಿ ಸ್ವಲ್ಪ ಹೊತ್ತು ರೀಲ್ಸ್ ನೋಡಿದರೆ ಸಾಕು, ಯಾರದೋ ಕುತ್ತಿಗೆ ಹಿಡಿದು ಲಟಕ್ಕೆಂದು ತಿರುಗಿಸುವ ವಿಡಿಯೋ ಬಂದೇ ಬರುತ್ತದೆ. ಬೆಂಗಳೂರಿನ ಕೆಲವು ಫಿಸಿಯೋಥೆರಪಿ ಕ್ಲಿನಿಕ್‌ಗಳ ಬೋರ್ಡಿನಲ್ಲೂ ‘ಆಸ್ಟಿಯೋಪತಿ’ ಎಂಬ ಹೆಸರು ಸೇರಿಕೊಂಡಿದೆ. ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿದ ಮಕ್ಕಳು ‘ಇಂಟರ್‌ನ್ಯಾಷನಲ್ ಆಸ್ಟಿಯೋಪತಿ ಕೋರ್ಸ್ ಸೇರಬೇಕು’ ಎಂದಾಗ, ಅದು ಎಂಬಿಬಿಎಸ್‌ನಂಥದ್ದೋ ಮಸಾಜ್‌ನಂಥದ್ದೋ ಮನೆಯವರಿಗೆ ಅಂದಾಜಾಗುವುದಿಲ್ಲ. ಫೀಸು ಮಾತ್ರ ಲಕ್ಷಗಳ ಲೆಕ್ಕದಲ್ಲಿರುತ್ತದೆ.

ಇದನ್ನು ತಿಳಿಯಲು ಒಳ್ಳೆಯ ದಾರಿಯೆಂದರೆ ಇಂಥದ್ದೊಂದು ಕಾಲೇಜು ಹೇಗೆ ಬೆಳೆಯಿತು ಎಂದು ನೋಡುವುದು. ಯುರೋಪಿಯನ್ ಸ್ಕೂಲ್ ಆಫ್ ಆಸ್ಟಿಯೋಪತಿಯ ಚರಿತ್ರೆ ಅದಕ್ಕೆ ಹೇಳಿಮಾಡಿಸಿದಂತಿದೆ. ಫ್ರಾನ್ಸಿನಲ್ಲಿ ಹುಟ್ಟಿದ ಈ ಶಾಲೆ ಅಲ್ಲಿನ ಕಾನೂನಿನ ಬಿಸಿ ತಾಳಲಾರದೆ ಕಡಲುಗಾಲುವೆ (ಇಂಗ್ಲಿಷ್ ಚಾನೆಲ್) ದಾಟಿ ಇಂಗ್ಲೆಂಡಿನ ಕೆಂಟ್ ಜಿಲ್ಲೆಯಲ್ಲಿ ನೆಲೆ ಕಂಡಿತು.

ಮೊದಲು, ಆಸ್ಟಿಯೋಪತಿ ಎಂದರೆ

ಕೈಯಿಂದ ಮುಟ್ಟಿ ಪರೀಕ್ಷಿಸಿ, ಕೈಯಿಂದಲೇ ಮಾಡುವ ಚಿಕಿತ್ಸೆ ಇದು. ಬೆನ್ನೆಲುಬು, ಕೀಲು, ಸ್ನಾಯು ಮತ್ತು ಅವುಗಳನ್ನು ಹಿಡಿದಿಡುವ ಅಂಗಾಂಶಗಳ ಚಲನೆ ಸರಿಯಾಗಿದ್ದರೆ ದೇಹಕ್ಕೆ ತನ್ನನ್ನು ತಾನೇ ಸರಿಪಡಿಸಿಕೊಳ್ಳಲು ಅನುಕೂಲವಾಗುತ್ತದೆ ಎಂಬುದು ಇದರ ಮೂಲ ನಂಬಿಕೆ. ಮಳೆಗಾಲದಲ್ಲಿ ಬಾಗಿಲು ಮುಚ್ಚದಾದಾಗ ಅನುಭವವಿರುವ ಬಡಗಿ ಚಿಲಕವನ್ನಷ್ಟೇ ನೋಡುವುದಿಲ್ಲ, ಚೌಕಟ್ಟು ಎಲ್ಲಿ ವಾಲಿದೆ ಎಂದೂ ನೋಡುತ್ತಾನೆ. ಆಸ್ಟಿಯೋಪಾತ್ ನೋಡುವ ರೀತಿಯೂ ಅದೇ. ಮಂಡಿ ನೋವೆಂದು ಬಂದವರ ಪಾದ, ಸೊಂಟ, ನಿಲ್ಲುವ ಭಂಗಿ ಎಲ್ಲವನ್ನೂ ಪರೀಕ್ಷಿಸುತ್ತಾರೆ.

ಲಟಕ್ಕೆನ್ನುವ ಸದ್ದು ಇದರ ಒಂದು ಸಣ್ಣ ಭಾಗ ಮಾತ್ರ. ಸ್ನಾಯುವನ್ನು ಒತ್ತಿ ಎಳೆಯುವುದು, ಕೀಲನ್ನು ನಿಧಾನವಾಗಿ ಆಡಿಸುವುದು, ರೋಗಿಯೇ ಒಂದು ಕಡೆ ಬಲ ಹಾಕುವಾಗ ಅದನ್ನು ತಡೆದು ಹಿಡಿದು ಬಿಗಿತ ಸಡಿಲಿಸುವುದು, ಇವೆಲ್ಲ ಅದರಲ್ಲಿ ಬರುತ್ತವೆ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಥಟ್ಟನೆ ಇಳಿದು ಅನಿಲದ ಗುಳ್ಳೆ ಉಂಟಾಗುವುದಕ್ಕೂ ಆ ಸದ್ದಿಗೂ ಸಂಬಂಧವಿದೆ. ‘ಜಾರಿದ ಮೂಳೆ ಜಾಗಕ್ಕೆ ಬಂತು’ ಎಂಬ ಮಾತು ಸರಿಯಲ್ಲ. ನಾವು ಬೆರಳಿನ ಲಟಿಕೆ ಮುರಿದಾಗ ಆಗುವುದೂ ಹೆಚ್ಚುಕಡಿಮೆ ಇದೇ.

ನಮ್ಮಲ್ಲಿ ಮುರಿದ ಮೂಳೆಗೆ ಪುತ್ತೂರು ಕಟ್ಟು ಹಾಕಿಸುವವರಿದ್ದಾರೆ, ಊರೂರಿನಲ್ಲಿ ಉಳುಕು ತೆಗೆಯುವವರಿದ್ದಾರೆ. ಹತ್ತೊಂಬತ್ತನೇ ಶತಮಾನದ ಅಮೆರಿಕ ಮತ್ತು ಬ್ರಿಟನ್‌ನಲ್ಲೂ ಅಂಥ ನಾಟಿ ಮೂಳೆವೈದ್ಯರು ಬೇಕಾದಷ್ಟಿದ್ದರು. ಆಸ್ಟಿಯೋಪತಿ ಹುಟ್ಟಿದ್ದು ಅದೇ ಕಾಲದಲ್ಲಿ. ತರಗತಿ, ಪಠ್ಯಕ್ರಮ, ಪರೀಕ್ಷೆ ಎಂದು ಕಾಲೇಜಿನ ದಾರಿ ಹಿಡಿದದ್ದರಿಂದಲೇ ಅದು ಅವರಿಂದ ಬೇರೆಯಾಯಿತು.

ಮಿಸ್ಸೌರಿಯ ಎರಡು ಕೋಣೆಯ ಶಾಲೆ

ಇದನ್ನು ಆರಂಭಿಸಿದವರು ಆಂಡ್ರ್ಯೂ ಟೇಲರ್ ಸ್ಟಿಲ್. 1828ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿ, ಗಡಿನಾಡಿನ ಊರುಗಳಲ್ಲಿ ವೈದ್ಯರಾಗಿ ದುಡಿದವರು. 1864ರಲ್ಲಿ ಅವರ ಮನೆಯ ಮೂವರು ಮಕ್ಕಳು ಮೆದುಳಿನ ಪೊರೆಯ ಸೋಂಕಿನಿಂದ ತೀರಿಕೊಂಡರು. ಆಗ ಆಂಟಿಬಯೋಟಿಕ್ ಇರಲಿಲ್ಲ. ವೈದ್ಯರ ಕೈಯಲ್ಲಿದ್ದ ಮದ್ದುಗಳಲ್ಲಿ ಪಾದರಸದ ಸಂಯುಕ್ತಗಳೂ ಅಫೀಮೂ ಸೇರಿದ್ದವು. ಇಂಥ ಔಷಧಗಳ ಮೇಲೆ ಸ್ಟಿಲ್ ನಂಬಿಕೆ ಕಳೆದುಕೊಂಡರು. ದೇಹದ ರಚನೆಯನ್ನೇ ಓದಿ ಓದಿ, 1874ರ ಜೂನ್ 22ರಂದು ಹೊಸ ಪದ್ಧತಿಯೊಂದು ತಮಗೆ ಹೊಳೆಯಿತೆಂದು ಮುಂದೆ ಹೇಳಿಕೊಂಡರು.

ಒಬ್ಬ ವೈದ್ಯನ ಕೈಗುಣವಾಗಿದ್ದದ್ದು ಕಲಿಸಬಹುದಾದ ವಿದ್ಯೆಯಾದದ್ದು 1892ರಲ್ಲಿ. ಮಿಸ್ಸೌರಿ ರಾಜ್ಯದ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ, ಮರದ ಹಲಗೆಯ ಎರಡು ಕೋಣೆಯ ಕಟ್ಟಡದಲ್ಲಿ ಅಮೆರಿಕನ್ ಸ್ಕೂಲ್ ಆಫ್ ಆಸ್ಟಿಯೋಪತಿ ಶುರುವಾಯಿತು. ಎಡಿನ್‌ಬರಾದಲ್ಲಿ ವೈದ್ಯಕೀಯ ಓದಿದ್ದ ವಿಲಿಯಂ ಸ್ಮಿತ್ ಎಂಬವರು ವೈದ್ಯಕೀಯ ಉಪಕರಣಗಳ ವ್ಯಾಪಾರಕ್ಕೆಂದು ಆ ಕಡೆ ಬಂದಿದ್ದರು. ಸ್ಟಿಲ್ ಅವರನ್ನೇ ಅಂಗರಚನಾಶಾಸ್ತ್ರ ಕಲಿಸಲು ಒಪ್ಪಿಸಿದರು. ಮೊದಲ ತಂಡದಲ್ಲಿ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು. ಹೆಣ್ಣುಮಕ್ಕಳಿಗೂ ಪ್ರವೇಶವಿತ್ತು. ಹೆಚ್ಚಿನ ವೈದ್ಯಕೀಯ ಕಾಲೇಜುಗಳು ಹೆಂಗಸರನ್ನು ಬಾಗಿಲಲ್ಲೇ ತಡೆಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಅಲ್ಲಿಗೆ ಬಂದವರಲ್ಲಿ ಗ್ಲಾಸ್ಗೋದ ಜಾನ್ ಮಾರ್ಟಿನ್ ಲಿಟಲ್‌ಜಾನ್ ಮುಖ್ಯರು. ಬಂದದ್ದು ಸ್ಟಿಲ್ ಅವರ ರೋಗಿಯಾಗಿ, ಉಳಿದದ್ದು ಅಧ್ಯಾಪಕರಾಗಿ. ಅವರು ಶಿಕಾಗೋದಲ್ಲಿ ಒಂದು ಕಾಲೇಜು ಕಟ್ಟಿ, ನಂತರ ಬ್ರಿಟನ್‌ಗೆ ಮರಳಿ, 1917ರಲ್ಲಿ ಲಂಡನ್‌ನಲ್ಲಿ ಬ್ರಿಟಿಷ್ ಸ್ಕೂಲ್ ಆಫ್ ಆಸ್ಟಿಯೋಪತಿ ತೆರೆದರು. ಯುರೋಪಿಗೆ ಈ ವಿದ್ಯೆ ಬಂದ ಹೆದ್ದಾರಿ ಇದೇ.

ಒಂದೇ ಬೇರು, ಎರಡು ಕವಲು

ಓದುಗರು ಎಡವುವುದು ಇಲ್ಲಿ. ಅಮೆರಿಕದ ಆಸ್ಟಿಯೋಪತಿ ಮತ್ತು ಉಳಿದ ದೇಶಗಳ ಆಸ್ಟಿಯೋಪತಿ ಇಂದು ಎರಡು ಬೇರೆ ವೃತ್ತಿಗಳು.

1910ರಲ್ಲಿ ಏಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾದ ವೈದ್ಯಕೀಯ ಕಾಲೇಜುಗಳನ್ನೆಲ್ಲ ತಪಾಸಣೆ ಮಾಡಿ ಬರೆದ ವರದಿ ದೊಡ್ಡ ಸಂಚಲನ ಉಂಟುಮಾಡಿತು. ಪ್ರಯೋಗಾಲಯವಿಲ್ಲದ, ಆಸ್ಪತ್ರೆಯಿಲ್ಲದ ಕಾಲೇಜುಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಸ್ಟಿಯೋಪತಿ ಕಾಲೇಜುಗಳಿಗೂ ಕಟುಟೀಕೆ ತಪ್ಪಲಿಲ್ಲ. ಉಳಿದುಕೊಂಡವು ಕ್ರಮೇಣ ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಪಠ್ಯಕ್ಕೆ ಸೇರಿಸಿಕೊಂಡವು. ಈಗ ಅಮೆರಿಕದಲ್ಲಿ 40ಕ್ಕೂ ಹೆಚ್ಚು ಆಸ್ಟಿಯೋಪತಿಕ್ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿ ‘ಡಿಒ’ (ಡಾಕ್ಟರ್ ಆಫ್ ಆಸ್ಟಿಯೋಪತಿಕ್ ಮೆಡಿಸಿನ್) ಪದವಿ ಪಡೆದವರು ಎಂಡಿಗಳ, ಅಂದರೆ ಅಲ್ಲಿನ ಸಾಮಾನ್ಯ ವೈದ್ಯಕೀಯ ಪದವಿ ಪಡೆದವರ ಹಾಗೆಯೇ ಪೂರ್ಣ ವೈದ್ಯರು. ಔಷಧ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. ಕೈಚಿಕಿತ್ಸೆಗೆ ಸುಮಾರು 200 ಗಂಟೆಯ ಹೆಚ್ಚುವರಿ ಪಾಠವಿರುತ್ತದೆ, ಅಷ್ಟೆ.

ಅಮೆರಿಕದಲ್ಲಿ ಡಿಒ ಮತ್ತು ಎಂಡಿ ವೃತ್ತಿಗಳು ಎಷ್ಟು ಹತ್ತಿರ ಬಂದವೆನ್ನುವುದಕ್ಕೆ ಕ್ಯಾಲಿಫೋರ್ನಿಯಾದ ಪ್ರಕರಣ ಸಾಕ್ಷಿ. 1960ರ ದಶಕದ ಆರಂಭದಲ್ಲಿ ಅಲ್ಲಿನ ಆಸ್ಟಿಯೋಪತಿಕ್ ವೈದ್ಯರು 65 ಡಾಲರ್ ಕಟ್ಟಿ ಎಂಡಿ ಪದವಿಗೆ ಬದಲಾಯಿಸಿಕೊಳ್ಳಲು ಅವಕಾಶ ಸಿಕ್ಕಿತು. ಸುಮಾರು 2,000 ಮಂದಿ ಹಾಗೆ ಮಾಡಿದರು. ಲಾಸ್ ಏಂಜಲೀಸ್‌ನ ಅವರ ಕಾಲೇಜು ಸಾಮಾನ್ಯ ವೈದ್ಯಕೀಯ ಕಾಲೇಜಾಗಿ ಬದಲಾಗಿ, ಮುಂದೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ಗೆ ಸೇರಿತು.

ಬ್ರಿಟನ್ ಮತ್ತು ಯುರೋಪಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಆಸ್ಟಿಯೋಪಾತ್ ಕೈಚಿಕಿತ್ಸೆ ಮಾಡುವ ವೃತ್ತಿಪರರು, ಔಷಧ ಬರೆಯುವ ಡಾಕ್ಟರಲ್ಲ. ಬಹುಕಾಲ ಅವರು ಹೆಸರಿನ ಮುಂದೆ ಹಾಕಿಕೊಳ್ಳುತ್ತಿದ್ದದ್ದೂ ‘ಡಿಒ’ ಎಂದೇ, ಆದರೆ ಅದು ಡಿಪ್ಲೊಮಾ. ನಮ್ಮೂರಿನ ಬೋರ್ಡಿನಲ್ಲಿ ಆ ಎರಡಕ್ಷರ ಕಂಡಾಗ ಯಾವ ದೇಶದ್ದು, ಎಷ್ಟು ವರ್ಷದ್ದು ಎಂದು ಕೇಳಲೇಬೇಕು.

ಪ್ಯಾರಿಸ್‌ನಿಂದ ಮೇಡ್‌ಸ್ಟನ್‌ಗೆ

1951ರಲ್ಲಿ ಪೌಲ್ ಜೆನಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಆಸ್ಟಿಯೋಪತಿ ಶಾಲೆಯೊಂದನ್ನು ಆರಂಭಿಸಿದರು. ಕಲಿಯಲು ಬಂದವರು ಹೆಚ್ಚಾಗಿ ಫ್ರಾನ್ಸಿನ ಫಿಸಿಯೋಥೆರಪಿಸ್ಟುಗಳು. ಪಾಠ ಹೇಳಲು ಇಂಗ್ಲೆಂಡಿನಿಂದ ಅಧ್ಯಾಪಕರು ಹೋಗುತ್ತಿದ್ದರು. ಅವರಲ್ಲಿ ಥಾಮಸ್ ಡಮ್ಮರ್ ಈ ಶಾಲೆಯನ್ನು ಮುಂದೆ ಬಹುಕಾಲ ಮುನ್ನಡೆಸಿದವರು.

ತೊಡಕು ಇದ್ದದ್ದು ಕಾನೂನಿನಲ್ಲಿ. ಆಗ ಫ್ರಾನ್ಸಿನಲ್ಲಿ ಇಂಥ ಚಿಕಿತ್ಸೆ ಕೊಡುವ ಹಕ್ಕು ವೈದ್ಯರಿಗೆ ಮಾತ್ರ ಇತ್ತು. ಉಳಿದವರು ಮಾಡಿದರೆ ‘ಅಕ್ರಮ ವೈದ್ಯವೃತ್ತಿ’ಯ ಆರೋಪ, ಮೊಕದ್ದಮೆ. 1962ರ ಜನವರಿ 6ರಂದು ಫ್ರೆಂಚ್ ಸರ್ಕಾರ ಹೊರಡಿಸಿದ ಆದೇಶ ವೈದ್ಯರು ಮಾತ್ರ ಮಾಡಬಹುದಾದ ಕೆಲಸಗಳನ್ನು ಪಟ್ಟಿ ಮಾಡಿತು. ಬೆನ್ನೆಲುಬಿನ ಮೇಲಿನ ಎಲ್ಲ ಕೈಚಿಕಿತ್ಸೆಯೂ, ಆಸ್ಟಿಯೋಪತಿ ಎಂದು ಕರೆಯುವ ಎಲ್ಲ ಚಿಕಿತ್ಸೆಗಳೂ ಆ ಪಟ್ಟಿಯಲ್ಲಿದ್ದವು. ಅಂದರೆ ಕಲಿಯಲು ಆಸೆಯಿರುವವರಿದ್ದರು, ಕಲಿಸಬಲ್ಲವರಿದ್ದರು, ಆದರೆ ಕಲಿತದ್ದನ್ನು ರೋಗಿಯ ಮೇಲೆ ಪ್ರಯೋಗಿಸಿದರೆ ಅಪರಾಧ.

ಇಂಗ್ಲೆಂಡಿನ ಪರಿಸ್ಥಿತಿ ಬೇರೆ. ಅಲ್ಲಿನ ಕಾನೂನು ಆಸ್ಟಿಯೋಪತಿಯನ್ನು ಮಾನ್ಯ ಮಾಡಿರಲಿಲ್ಲ, ನಿಷೇಧಿಸಿಯೂ ಇರಲಿಲ್ಲ. 1930ರ ದಶಕದಲ್ಲಿ ಮಾನ್ಯತೆಗಾಗಿ ಒಂದು ಮಸೂದೆ ಪಾರ್ಲಿಮೆಂಟಿನವರೆಗೆ ಹೋಗಿ, ಮೇಲ್ಮನೆಯ ಸಮಿತಿಯ ಮುಂದೆ ಬಿದ್ದುಹೋಗಿತ್ತು. ಆದರೂ ಯಾರು ಬೇಕಾದರೂ ಶಾಲೆ ನಡೆಸಬಹುದಿತ್ತು, ಚಿಕಿತ್ಸೆ ಕೊಡಬಹುದಿತ್ತು. ಹಾಗಾಗಿ 1960ರ ದಶಕದಲ್ಲಿ ಶಾಲೆ ಲಂಡನ್‌ಗೆ ಹೋಯಿತು. ಅಲ್ಲಿನ ಪ್ರಕೃತಿಚಿಕಿತ್ಸೆ ಮತ್ತು ಆಸ್ಟಿಯೋಪತಿ ಕಾಲೇಜೊಂದು ಜಾಗ ಕೊಟ್ಟಿತು. 1971ರಲ್ಲಿ ಕೆಂಟ್ ಜಿಲ್ಲೆಯ ಮೇಡ್‌ಸ್ಟನ್ ಪಟ್ಟಣಕ್ಕೆ ಬಂತು. ಲಿಟಲ್‌ಜಾನ್ ಅವರ ಶಿಷ್ಯ ಜಾನ್ ವರ್ನಮ್ ನಡೆಸುತ್ತಿದ್ದ ಚಿಕಿತ್ಸಾಲಯ ಆ ಊರಿನಲ್ಲಿ ಆಗಲೇ ಇತ್ತು. ಫ್ರಾನ್ಸಿನ ಕಡೆಯಿಂದ ಕಡಲುಗಾಲುವೆ ದಾಟಿ ಬರುವವರಿಗೂ ಕೆಂಟ್ ಹತ್ತಿರದ ಜಿಲ್ಲೆ.

ಆಗಿನ ವ್ಯವಸ್ಥೆಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ತಮ್ಮ ದೇಶದಲ್ಲಿ ಕ್ಲಿನಿಕ್ ನಡೆಸುತ್ತಿದ್ದ ಫ್ರೆಂಚ್ ಫಿಸಿಯೋಥೆರಪಿಸ್ಟುಗಳು ರಜೆ ಹೊಂದಿಸಿಕೊಂಡು ಬಂದು, ಪರದೇಶದಲ್ಲಿ ಕೂತು, ಊರಿಗೆ ಮರಳಿದ ಮೇಲೆ ಬಹಿರಂಗವಾಗಿ ಹೇಳಿಕೊಳ್ಳಲೂ ಆಗದ ವಿದ್ಯೆಯೊಂದನ್ನು ಕಲಿಯುತ್ತಿದ್ದರು. ಕಾಲೇಜು ‘ಅಂತರರಾಷ್ಟ್ರೀಯ’ ಆದದ್ದು ಈ ಅನಿವಾರ್ಯದಿಂದ. ಹೊಟ್ಟೆಯ ಅಂಗಗಳ ಕೈಚಿಕಿತ್ಸೆಯಿಂದ ಮುಂದೆ ಹೆಸರಾದ ಫ್ರಾನ್ಸಿನ ಜಾನ್ ಪಿಯೇರ್ ಬರಾಲ್ 1974ರಲ್ಲಿ ಡಿಪ್ಲೊಮಾ ಪಡೆದದ್ದು ಇಲ್ಲಿಂದಲೇ.

ಅದೇ 1974ರಲ್ಲಿ ಶಾಲೆಗೆ ಯುರೋಪಿಯನ್ ಸ್ಕೂಲ್ ಆಫ್ ಆಸ್ಟಿಯೋಪತಿ ಎಂಬ ಹೆಸರು ಬಂತು. ಇಂಗ್ಲಿಷ್ ಮಾತಾಡುವ ವಿದ್ಯಾರ್ಥಿಗಳಿಗೆ ಪೂರ್ಣಾವಧಿಯ ಕೋರ್ಸೂ ಆರಂಭವಾಯಿತು. ಪಟ್ಟಣದಲ್ಲಿ ಬೋಧನಾ ಚಿಕಿತ್ಸಾಲಯ, ಮುಂದೆ ಹತ್ತಿರದ ಬಾಕ್ಸ್‌ಲಿ ಹಳ್ಳಿಯ ಹಳೆಯ ಬಂಗಲೆಯೊಂದರಲ್ಲಿ ತರಗತಿಗಳು, ಕೊನೆಗೆ ವಿಶ್ವವಿದ್ಯಾಲಯದ ಮನ್ನಣೆಯಿರುವ ಪದವಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಿತು.

ಕಾಲೇಜಿನೊಳಗೆ ಏನು ಕಲಿಸುತ್ತಾರೆ?

ಮೊದಲ ವರ್ಷಗಳ ಪಾಠ ಯಾವುದೇ ಆರೋಗ್ಯ ಕಾಲೇಜಿನಂತೆಯೇ: ಅಂಗರಚನೆ, ದೇಹದ ಕಾರ್ಯವಿಧಾನ, ರೋಗಲಕ್ಷಣ. ವ್ಯತ್ಯಾಸ ಶುರುವಾಗುವುದು ಕೈಯಲ್ಲಿ.

ಬೆರಳಿನ ಸ್ಪರ್ಶ ಹರಿತಗೊಳಿಸಲು ಒಂದು ಹಳೆಯ ಅಭ್ಯಾಸವಿದೆ. ತಲೆಗೂದಲ ಒಂದು ಎಳೆಯನ್ನು ಕಾಗದದ ಹಾಳೆಯ ಕೆಳಗಿಟ್ಟು, ಕಣ್ಣು ಮುಚ್ಚಿ, ಎಲ್ಲಿದೆ ಎಂದು ಬೆರಳಿನಿಂದ ಹುಡುಕಬೇಕು. ಸಿಕ್ಕಿದರೆ ಮೇಲೆ ಇನ್ನೊಂದು ಹಾಳೆ, ಮತ್ತೊಂದು ಹಾಳೆ. ಕೆಲವು ವಾರ ಕಳೆಯುವಷ್ಟರಲ್ಲಿ ಬೆರಳಿಗೆ ಮೊದಲು ಗೊತ್ತಾಗದ್ದು ಗೊತ್ತಾಗತೊಡಗುತ್ತದೆ. ಆಮೇಲೆ ವಿದ್ಯಾರ್ಥಿಗಳು ಒಬ್ಬರ ಬೆನ್ನನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ. ಈ ಕಶೇರು (ಬೆನ್ನೆಲುಬಿನ ಒಂದೊಂದು ಮೂಳೆ) ಎಡಕ್ಕೆ ಎಷ್ಟು ತಿರುಗುತ್ತದೆ, ಬಲಕ್ಕೆ ಎಷ್ಟು, ಪಕ್ಕದ ಸ್ನಾಯು ಬಿಗಿಯೋ ಸಡಿಲವೋ. ನಾಚಿಕೆ ಬಿಟ್ಟು, ಆದರೆ ಪ್ರತಿ ಸಲವೂ ಒಪ್ಪಿಗೆ ಕೇಳಿಯೇ ಮುಟ್ಟಬೇಕು. ಒಪ್ಪಿಗೆ ಕೇಳುವುದೂ ಪಾಠದ ಭಾಗ.

ನಿಜವಾದ ಕಲಿಕೆ ನಡೆಯುವುದು ಬೋಧನಾ ಚಿಕಿತ್ಸಾಲಯದಲ್ಲಿ. ಊರಿನ ಜನ ಕಡಿಮೆ ಶುಲ್ಕಕ್ಕೆ ಅಲ್ಲಿಗೆ ಬರುತ್ತಾರೆ. ಸೊಂಟ ಹಿಡಿದಿದೆ ಎಂದು ಬಂದವರನ್ನು ವಿದ್ಯಾರ್ಥಿ ಮೊದಲು ಕೂರಿಸಿ ಮಾತಾಡಿಸುತ್ತಾರೆ: ನೋವು ಯಾವಾಗ ಶುರುವಾಯಿತು, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಜ್ವರ ಬರುತ್ತದೆಯೇ, ತೊಡೆಯ ಒಳಭಾಗ ಜೋಮು ಹಿಡಿದಿದೆಯೇ, ಮೂತ್ರದ ಹಿಡಿತ ತಪ್ಪಿದೆಯೇ. ಕೊನೆಯ ಎರಡಕ್ಕೆ ಹೌದು ಎಂಬ ಉತ್ತರ ಬಂದರೆ ಬೆನ್ನಿಗೆ ಕೈ ಹಾಕುವ ಮಾತೇ ಇಲ್ಲ, ಆ ಕ್ಷಣವೇ ಆಸ್ಪತ್ರೆಗೆ ಕಳುಹಿಸಬೇಕು. ಬೆನ್ನೆಲುಬಿನ ಕೆಳತುದಿಯ ನರಗಳು ಅದುಮಿಹೋಗಿರುವ ಸೂಚನೆ ಅದು. ತಡವಾದರೆ ಕಾಲು ಮತ್ತು ಮೂತ್ರಕೋಶ ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. ಪರೀಕ್ಷೆ ಮುಗಿದ ಮೇಲೆ ವಿದ್ಯಾರ್ಥಿ ಹೊರಗೆ ಬಂದು ಮೇಲ್ವಿಚಾರಕರಿಗೆ ತನ್ನ ಅಂದಾಜು ಹೇಳಬೇಕು. ಅವರು ಒಪ್ಪಿದ ಮೇಲೆ ಚಿಕಿತ್ಸೆ.

ನನ್ನ ದೃಷ್ಟಿಯಲ್ಲಿ ಕಾಲೇಜಿನ ಬೆಲೆ ಇರುವುದು ಇಲ್ಲಿ. ಯಾವಾಗ ಮುಟ್ಟಬಾರದು ಎಂಬುದನ್ನು ವಿಡಿಯೋ ನೋಡಿ ಕಲಿಯಲು ಬರುವುದಿಲ್ಲ. ನೂರಾರು ರೋಗಿಗಳ ಎದುರು, ತಿಳಿದವರ ಕಣ್ಣೆದುರಿನಲ್ಲಿ ಕೂತೇ ಕಲಿಯಬೇಕು.

ಕಾನೂನು ಬಂದ ಮೇಲೆ

ಬ್ರಿಟನ್ 1993ರಲ್ಲಿ ಆಸ್ಟಿಯೋಪಾತ್ಸ್ ಕಾಯ್ದೆ ತಂದಿತು. ಅದರಡಿ ಜನರಲ್ ಆಸ್ಟಿಯೋಪತಿಕ್ ಕೌನ್ಸಿಲ್ ಹುಟ್ಟಿತು, 1998ರಲ್ಲಿ ನೋಂದಣಿ ಪುಸ್ತಕ ತೆರೆಯಿತು. ಈಗ ನೋಂದಣಿಯಿಲ್ಲದೆ ಅಲ್ಲಿ ‘ಆಸ್ಟಿಯೋಪಾತ್’ ಎಂದು ಹೇಳಿಕೊಂಡರೆ ಅಪರಾಧ. ನೋಂದಣಿ ಬೇಕೆಂದರೆ ಕೌನ್ಸಿಲ್ ಒಪ್ಪಿದ ಕಾಲೇಜಿನಲ್ಲೇ ಓದಿರಬೇಕು. ಸಾಮಾನ್ಯವಾಗಿ ಇದು ನಾಲ್ಕೈದು ವರ್ಷದ ಓದು.

ಫ್ರಾನ್ಸ್ 2002ರ ಮಾರ್ಚ್ 4ರ ಕಾಯ್ದೆಯಲ್ಲಿ ಕೊನೆಗೂ ಆಸ್ಟಿಯೋಪಾತ್ ಎಂಬ ಹೆಸರಿಗೆ ಮನ್ನಣೆ ಕೊಟ್ಟಿತು. ಶಾಲೆ ಪ್ಯಾರಿಸ್‌ನಲ್ಲಿ ಶುರುವಾಗಿ ಆಗಲೇ ಅರ್ಧ ಶತಮಾನ ಕಳೆದಿತ್ತು. 2007ರ ಆದೇಶ ಗಡಿಗಳನ್ನು ಹಾಕಿತು: ಆರು ತಿಂಗಳಿಗಿಂತ ಚಿಕ್ಕ ಕೂಸಿನ ತಲೆ, ಮುಖ, ಬೆನ್ನೆಲುಬಿಗಾಗಲಿ, ಯಾರದೇ ಕುತ್ತಿಗೆಯ ಕಶೇರುಗಳಿಗಾಗಲಿ ಕೈಚಿಕಿತ್ಸೆ ಮಾಡುವ ಮೊದಲು, ಅಡ್ಡಿಯಿಲ್ಲ ಎಂಬ ವೈದ್ಯರ ಪ್ರಮಾಣಪತ್ರ ಇರಬೇಕು. 2014ರಲ್ಲಿ ತರಬೇತಿಯನ್ನು ಐದು ವರ್ಷ, 4,860 ಗಂಟೆ ಎಂದು ನಿಗದಿ ಮಾಡಿತು.

ಜಗತ್ತಿಗೆಲ್ಲ ಅನ್ವಯಿಸುವ ಒಂದು ಅಳತೆಗೋಲನ್ನು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಕೊಟ್ಟಿತು. ಮೊದಲಿಂದ ಕಲಿಯುವವರಿಗೆ 4,200 ಗಂಟೆ, ಅದರಲ್ಲಿ ಕನಿಷ್ಠ 1,000 ಗಂಟೆ ಮೇಲ್ವಿಚಾರಣೆಯಲ್ಲಿ ಚಿಕಿತ್ಸಾಭ್ಯಾಸ. ಆಗಲೇ ವೈದ್ಯರೋ ಫಿಸಿಯೋಥೆರಪಿಸ್ಟೋ ಆಗಿರುವವರಿಗೆ, ಹಿಂದಿನ ಓದನ್ನು ಲೆಕ್ಕಕ್ಕೆ ಹಿಡಿದು, ಸಾಮಾನ್ಯವಾಗಿ 1,000 ಗಂಟೆ. ಇದು ಕಾನೂನಲ್ಲ, ಸರ್ಕಾರಗಳಿಗೆ ಕೊಟ್ಟ ಮಾರ್ಗಸೂಚಿ. ಆದರೂ ಯಾವುದೇ ಕೋರ್ಸನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸದ್ಯಕ್ಕೆ ಇಲ್ಲ.

ವಾಸಿಯಾಗುತ್ತದೆಯೇ?

ಸೊಂಟನೋವಿನ ಮಟ್ಟಿಗೆ ಕೈಚಿಕಿತ್ಸೆಯಿಂದ ಸ್ವಲ್ಪ ಮಟ್ಟಿಗೆ ಉಪಶಮನ ಸಿಗುತ್ತದೆ ಎಂಬುದಕ್ಕೆ ಪುರಾವೆಯಿದೆ. ಬ್ರಿಟನ್‌ನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ 2016ರಲ್ಲಿ ಹೇಳಿದ್ದೇನೆಂದರೆ, ಇದನ್ನು ಪರಿಗಣಿಸಬಹುದು, ಆದರೆ ವ್ಯಾಯಾಮದ ಜೊತೆಗೆ ಮಾತ್ರ. ತಲೆಬುರುಡೆಯನ್ನು ಮೆಲ್ಲಗೆ ಹಿಡಿದು ಮಾಡುವ ಚಿಕಿತ್ಸೆಗೆ, ಕೂಸುಗಳ ಹೊಟ್ಟೆನೋವಿನ ಅಳುವಿಗೆ ಮಾಡುವ ಚಿಕಿತ್ಸೆಗೆ ಪುರಾವೆ ಬಹಳ ದುರ್ಬಲ. ಆಸ್ತಮಾ, ಸಕ್ಕರೆ ಕಾಯಿಲೆಯಂಥವನ್ನು ಗುಣಪಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರುವುದೇ ಸರಿ. ಕುತ್ತಿಗೆಯನ್ನು ಥಟ್ಟನೆ ತಿರುಗಿಸುವಾಗ ಮೆದುಳಿಗೆ ಹೋಗುವ ರಕ್ತನಾಳದ ಗೋಡೆ ಹರಿದು ಪಾರ್ಶ್ವವಾಯು ಆದ ಪ್ರಕರಣಗಳೂ ದಾಖಲಾಗಿವೆ. ಬಹಳ ಅಪರೂಪ, ಆದರೆ ಸಂಭವಿಸಿದರೆ ಘೋರ.

ಕರ್ನಾಟಕದಿಂದ ಕಲಿಯಲು ಹೊರಟವರಿಗೆ

ಭಾರತದಲ್ಲಿ ಆಸ್ಟಿಯೋಪತಿ ಆಯುಷ್ ಪದ್ಧತಿಗಳ ಪಟ್ಟಿಯಲ್ಲಿಲ್ಲ. ಬ್ರಿಟನ್‌ನಲ್ಲಿರುವಂಥ ಪ್ರತ್ಯೇಕ ಆಸ್ಟಿಯೋಪತಿ ಕೌನ್ಸಿಲ್ಲೂ ಇಲ್ಲಿಲ್ಲ. ಫಿಸಿಯೋಥೆರಪಿಗೆ 2021ರ ರಾಷ್ಟ್ರೀಯ ಸಂಯೋಜಿತ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ಆಸರೆಯಿದೆ. ಕಾಲೇಜು ಮಟ್ಟದಲ್ಲಿ ಆಸ್ಟಿಯೋಪತಿ ಕಲಿಸುವ ಪ್ರಯತ್ನ ಒಡಿಶಾದ ಕಟಕ್‌ನ ಶ್ರೀ ಶ್ರೀ ವಿಶ್ವವಿದ್ಯಾಲಯದಲ್ಲಿ ನಡೆದಿದೆ. ಅದನ್ನು ಸ್ಥಾಪಿಸಿದವರು ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್‌ನ ರವಿಶಂಕರ್ ಗುರೂಜಿ. ಇದಲ್ಲದೆ ವಿದೇಶಿ ಹೆಸರಿನ ವಾರಾಂತ್ಯದ ಕೋರ್ಸುಗಳು ಸಾಕಷ್ಟಿವೆ. ಎರಡು ಮೂರು ವಾರಾಂತ್ಯ ಹೋಗಿ ಬಂದವರ ಸರ್ಟಿಫಿಕೇಟಿನಲ್ಲೂ ‘ಇಂಟರ್‌ನ್ಯಾಷನಲ್’ ಎಂದೇ ಇರುತ್ತದೆ.

ಫೀಸು ಕಟ್ಟುವ ಮೊದಲು ಒಟ್ಟು ಗಂಟೆ ಎಷ್ಟು, ಅದರಲ್ಲಿ ರೋಗಿಗಳ ಜೊತೆ ಎಷ್ಟು, ಆನ್‌ಲೈನ್ ಎಷ್ಟು ಎಂದು ಬರಹದಲ್ಲಿ ಕೇಳಿ. ಕಾಲೇಜಿಗೆ ಸ್ವಂತ ಬೋಧನಾ ಚಿಕಿತ್ಸಾಲಯ ಇದೆಯೇ ನೋಡಿ. ಬ್ರಿಟನ್‌ನಲ್ಲಿ ಕೆಲಸ ಮಾಡುವ ಯೋಚನೆಯಿದ್ದರೆ ಆ ಕೋರ್ಸ್ ಜನರಲ್ ಆಸ್ಟಿಯೋಪತಿಕ್ ಕೌನ್ಸಿಲ್‌ನ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ಕೌನ್ಸಿಲ್‌ನ ಜಾಲತಾಣದಲ್ಲೇ ಪರಿಶೀಲಿಸಿ, ಏಜೆಂಟರ ಮಾತನ್ನು ನೆಚ್ಚಬೇಡಿ. ಒಂದು ದೇಶದ ನೋಂದಣಿ ಇನ್ನೊಂದು ದೇಶದಲ್ಲಿ ತಾನಾಗಿ ನಡೆಯುವುದಿಲ್ಲ. ಬ್ರೆಕ್ಸಿಟ್ ಆದ ಮೇಲೆ ಬ್ರಿಟನ್ ಮತ್ತು ಯುರೋಪಿನ ನಡುವೆಯೂ ಅದು ಸಲೀಸಾಗಿ ಉಳಿದಿಲ್ಲ. ಊರಿಗೆ ಮರಳಿ ಕ್ಲಿನಿಕ್ ತೆರೆಯುವ ಫಿಸಿಯೋಥೆರಪಿಸ್ಟರಿಗೆ ಇಲ್ಲಿ ಕಾನೂನಿನ ನೆಲೆ ಸಿಗುವುದು ಬಿಪಿಟಿ ಪದವಿಯಿಂದಲೇ. ಹಾಗಾಗಿ ಬಿಪಿಟಿಯನ್ನು ಅರ್ಧಕ್ಕೆ ಬಿಟ್ಟು ಈ ಕೋರ್ಸಿಗೆ ಹೋಗುವ ಯೋಚನೆ ಮಾಡಬೇಡಿ.